ಹೊರಡಲೊಲ್ಲದ ಎಂಜಿನು
ಹಳೆಯ ಮೋಟಾರಿನ ದೋಷವನ್ನು ಕಂಡುಹಿಡಿಯುವ ಬಗೆ

ಹಳೆಯ ಕಾರೊಂದು ಬೀದಿಯ ಬದಿಯಲ್ಲಿ ಹೊರಡದೆ ನಿಂತಿತೆಂದರೆ ಅದರ ಸುತ್ತ ನಾಲ್ಕಾರು ಮಂದಿ ಕೂಡುವುದು ಸಹಜ. ಬ್ಯಾಟರಿ ಹೋಗಿದೆ ಎಂದು ಒಬ್ಬರು, ಪ್ಲಗ್ಗು ಕೆಟ್ಟಿದೆ ಎಂದು ಇನ್ನೊಬ್ಬರು, ಕಾರ್ಬ್ಯುರೇಟರಿನಲ್ಲಿ ಕಸ ಸಿಕ್ಕಿದೆ ಎಂದು ಮತ್ತೊಬ್ಬರು ಹೇಳುತ್ತಾರೆ. ಮೂವರಲ್ಲಿ ಯಾರ ಮಾತಾದರೂ ನಿಜವಾಗಿರಬಹುದು; ಮೂವರದೂ ಸುಳ್ಳಾಗಿರಬಹುದು. ಒಡೆಯನು ಎಲ್ಲರನ್ನೂ ನಂಬಿ ಮೂರು ಭಾಗಗಳನ್ನೂ ಹೊಸದಾಗಿ ಹಾಕಿಸಿದ ಮೇಲೆಯೂ ಕಾರು ಹೊರಡದೆ ಹೋದರೆ, ಕಳೆದುಹೋದುದು ಹಣ ಮಾತ್ರವಲ್ಲ. ಮೊದಲಿದ್ದ ದೋಷದ ಜೊತೆಗೆ ತಪ್ಪಾಗಿ ಜೋಡಿಸಿದ ತಂತಿಯೋ ಸಡಿಲವಾಗಿ ಉಳಿದ ತಿರುಪೋ ಹೊಸ ದೋಷವಾಗಿ ಸೇರಿಕೊಂಡಿರುತ್ತದೆ. ನಾಡಿ ನೋಡದೆ ಮದ್ದು ಕೊಡುವ ವೈದ್ಯನಿಗೂ ಹೀಗೆ ದುರಸ್ತಿ ಮಾಡುವವನಿಗೂ ಭೇದವಿಲ್ಲ.

ದೋಷವನ್ನು ಊಹಿಸುವುದು ಬೇರೆ, ಕಂಡುಹಿಡಿಯುವುದು ಬೇರೆ. ಕಂಡುಹಿಡಿಯುವ ಕ್ರಮವು ವಿಜ್ಞಾನದ ಕ್ರಮವೇ ಆಗಿದೆ. ನಮ್ಮ ದೇಶದಲ್ಲಿ ಎಲ್ಲರೂ ಬಲ್ಲ ಅಂಬಾಸಡರ್ ಕಾರಿನ ಪೆಟ್ರೋಲ್ ಎಂಜಿನನ್ನು ಉದಾಹರಣೆಯಾಗಿಟ್ಟುಕೊಂಡು ಅದನ್ನು ಇಲ್ಲಿ ವಿವರಿಸುತ್ತೇವೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಅನುಸರಿಸಿದ ಈ ವಾಹನವು 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಯಿತು. ಬಹುಕಾಲ ಇದರಲ್ಲಿ ಬಳಕೆಯಲ್ಲಿದ್ದ 1489 ಘನ ಸೆಂಟಿಮೀಟರುಗಳ, ನಾಲ್ಕು ಸಿಲಿಂಡರುಗಳ ಎಂಜಿನಿನಲ್ಲಿ ಗಣಕಯಂತ್ರದ ಹಂಗಿಲ್ಲ. ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುವಂಥದು, ಕೈಗೆ ಎಟಕುವಂಥದು. ಆದುದರಿಂದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ದೊರೆಯಲಾರದು.

ಎಂಜಿನು ಬೇಡುವುದೇನು?

1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ರೂಪಿಸಿದ ನಾಲ್ಕು ಹೊಡೆತಗಳ ಎಂಜಿನಿನ ತತ್ವವೇ ಇಲ್ಲಿಯೂ ಇದೆ. ಪಿಸ್ಟನ್ನು ಕೆಳಗಿಳಿಯುತ್ತ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆಯುತ್ತದೆ. ಮೇಲೇರುತ್ತ ಅದನ್ನು ಒತ್ತುತ್ತದೆ. ಕಿಡಿ ಹಾರಿ ಮಿಶ್ರಣ ಉರಿದಾಗ ಕೆಳಕ್ಕೆ ತಳ್ಳಲ್ಪಡುತ್ತದೆ. ಮತ್ತೆ ಮೇಲೇರುತ್ತ ಹೊಗೆಯನ್ನು ಹೊರದೂಡುತ್ತದೆ. ಇದು ಆರಂಭವಾಗಲು ನಾಲ್ಕು ಸಂಗತಿಗಳು ಕೂಡಿಬರಬೇಕು. ಎಂಜಿನು ತಕ್ಕ ವೇಗದಲ್ಲಿ ತಿರುಗಬೇಕು. ತಕ್ಕ ಪ್ರಮಾಣದ ಮಿಶ್ರಣ ಒದಗಬೇಕು. ಅದು ಚೆನ್ನಾಗಿ ಒತ್ತಲ್ಪಡಬೇಕು. ತಕ್ಕ ಕ್ಷಣದಲ್ಲಿ ಕಿಡಿ ಹಾರಬೇಕು. ನಾಲ್ಕೂ ಇದ್ದಲ್ಲಿ ಎಂಜಿನು ಹೊರಡಲೇಬೇಕು. ಹೊರಡಲಿಲ್ಲವೆಂದರೆ ನಾಲ್ಕರಲ್ಲಿ ಒಂದಾದರೂ ಇಲ್ಲವೆಂದೇ ಅರ್ಥ. ಅದು ಯಾವುದೆಂಬುದನ್ನು ಒಂದೊಂದು ಪರೀಕ್ಷೆಯಿಂದ ಒಂದೊಂದು ಸಂಶಯವನ್ನು ಬಿಡಿಸುತ್ತ ಗೊತ್ತುಮಾಡಿಕೊಳ್ಳಬೇಕು. ಮೊದಲ ಪ್ರಶ್ನೆ ಬಹಳ ಸರಳವಾದುದು: ಸ್ಟಾರ್ಟರನ್ನು ಚಾಲೂ ಮಾಡಿದಾಗ ಎಂಜಿನು ತಿರುಗುತ್ತದೆಯೋ ಇಲ್ಲವೋ?

ತಿರುಗದ ಎಂಜಿನು

1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು ಬಂದ ಬಳಿಕ ಕೈಯಿಂದ ಹ್ಯಾಂಡಲು ತಿರುಗಿಸುವ ಶ್ರಮ ಕ್ರಮೇಣ ತಪ್ಪಿತು. ಆದರೆ ಆ ಶ್ರಮವೆಲ್ಲ ಬ್ಯಾಟರಿಯ ಮೇಲೆ ಬಿತ್ತು. ಹಾಗಿದ್ದರೂ ಎಂಜಿನು ತಿರುಗದಿದ್ದಾಗ ನಾವು ಸಾಮಾನ್ಯವಾಗಿ ಕೇಳುವ ಮಾತೆಂದರೆ, “ದೀಪ ಚೆನ್ನಾಗಿ ಉರಿಯುತ್ತಿದೆ, ಆದ್ದರಿಂದ ಬ್ಯಾಟರಿಯಲ್ಲಾಗಲಿ ತಂತಿಯಲ್ಲಾಗಲಿ ದೋಷವಿಲ್ಲ” ಎಂಬುದು. ಈ ತರ್ಕ ಸರಿಯೇ?

ಓಮನ ನಿಯಮವನ್ನು ನೆನಪಿಗೆ ತಂದುಕೊಳ್ಳೋಣ. ತುಕ್ಕು ಹಿಡಿದ ಒಂದು ಜೋಡಣೆಯ ರೋಧ ಕೇವಲ 0.03 ಓಮ್ ಎಂದಿಟ್ಟುಕೊಳ್ಳಿ. ಮುಂದಿನ ಎರಡು ದೀಪಗಳು ಸುಮಾರು 8 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತವೆ. ಅಲ್ಲಿ ನಷ್ಟವಾಗುವುದು 0.24 ವೋಲ್ಟು. ಕಣ್ಣಿಗೆ ಅದು ತಿಳಿಯದು. ಸ್ಟಾರ್ಟರಿಗಾದರೋ 150 ಆಂಪಿಯರಿನಷ್ಟು ಪ್ರವಾಹ ಬೇಕು. ಅಷ್ಟು ಪ್ರವಾಹ ಅದೇ ಜೋಡಣೆಯ ಮೂಲಕ ಹರಿಯಬೇಕಾದರೆ 4.5 ವೋಲ್ಟು ಅಲ್ಲಿಯೇ ವ್ಯಯವಾಗಬೇಕು. 12 ವೋಲ್ಟಿನ ಬ್ಯಾಟರಿಯಲ್ಲಿ ಇದು ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು. ದೀಪ ಉರಿಯುತ್ತದೆ, ಎಂಜಿನು ತಿರುಗುವುದಿಲ್ಲ! ದೀಪವು ಸಾಕ್ಷಿ ಹೇಳುವುದು ತನ್ನ ಸಣ್ಣ ಪ್ರವಾಹದ ಬಗ್ಗೆ ಮಾತ್ರ.

ಆದ್ದರಿಂದ ದೀಪವನ್ನು ಹಚ್ಚಿಟ್ಟು, ಸ್ಟಾರ್ಟರನ್ನೂ ಚಾಲೂ ಮಾಡಿ ನೋಡಬೇಕು. ದೀಪ ತೀರ ಮಂಕಾದರೆ ಬ್ಯಾಟರಿ ಸೊರಗಿದೆ, ಇಲ್ಲವೆ ಅದರ ತುದಿಯ ಜೋಡಣೆ ಕೆಟ್ಟಿದೆ, ಇಲ್ಲವೆ ಸ್ಟಾರ್ಟರಿನ ಹಲ್ಲುಚಕ್ರ ಸಿಕ್ಕಿಕೊಂಡಿದೆ. ದೀಪ ಸ್ವಲ್ಪವೂ ಬದಲಾಗದಿದ್ದರೆ ಪ್ರವಾಹವು ಸ್ಟಾರ್ಟರನ್ನು ಸೇರುತ್ತಲೇ ಇಲ್ಲ. ಸ್ವಿಚ್ಚನ್ನೂ ದಪ್ಪ ತಂತಿಗಳನ್ನೂ ಶೋಧಿಸಬೇಕು. ಪೂರ್ತಿ ಚಾರ್ಜಾದ ಬ್ಯಾಟರಿಯು ಸುಮ್ಮನಿರುವಾಗ ಸುಮಾರು 12.6 ವೋಲ್ಟು ತೋರಿಸುತ್ತದೆ. 12 ವೋಲ್ಟಿಗೆ ಇಳಿದಿದ್ದರೆ ಅದರ ಶಕ್ತಿಯ ಬಹುಭಾಗ ಮುಗಿದಿದೆ ಎಂದು ತಿಳಿಯಬೇಕು.

ಇಲ್ಲಿ ಹಲವರು ಮರೆಯುವ ಒಂದು ಭಾಗವುಂಟು. ಎಂಜಿನು ರಬ್ಬರಿನ ಆಸರೆಗಳ ಮೇಲೆ ಕುಳಿತಿರುವುದರಿಂದ ಅದಕ್ಕೂ ಕಾರಿನ ಮೈಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಜೋಡಿಸಿರುತ್ತಾರೆ. ಪ್ರವಾಹವು ಬ್ಯಾಟರಿಗೆ ಹಿಂದಿರುಗುವ ದಾರಿ ಇದೇ. ಅದು ಕಡಿದಿದ್ದರೆ ಪ್ರವಾಹವು ಚೋಕಿನ ಅಥವಾ ಆಕ್ಸಿಲರೇಟರಿನ ಸಣ್ಣ ತಂತಿಯ ಮೂಲಕ ಹಾದುಹೋಗಲು ಯತ್ನಿಸುತ್ತದೆ. ಸ್ಟಾರ್ಟರು ಚಾಲೂ ಮಾಡಿದಾಗ ಆ ತಂತಿಗಳು ಬಿಸಿಯಾದರೆ ದೋಷ ಸಿಕ್ಕಿತೆಂದೇ ಹೇಳಬಹುದು.

ಕಿಡಿಯ ಪರೀಕ್ಷೆ

ಎಂಜಿನು ಚುರುಕಾಗಿ ತಿರುಗಿಯೂ ಹೊರಡದಿದ್ದರೆ ಕಿಡಿ ಇದೆಯೇ ಎಂದು ನೋಡಬೇಕು. ಒಂದು ಪ್ಲಗ್ಗನ್ನು ಬಿಚ್ಚಿ, ಅದರ ತಂತಿಗೆ ಮತ್ತೆ ಸೇರಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನಿನ ಲೋಹಕ್ಕೆ ತಾಗುವಂತೆ ಇಡಬೇಕು. ಬಿಚ್ಚಿದ ರಂಧ್ರದಿಂದ ಪೆಟ್ರೋಲಿನ ಆವಿ ಚಿಮ್ಮುವುದರಿಂದ ಪ್ಲಗ್ಗು ಅದಕ್ಕೆ ದೂರವಿರಬೇಕು. ತಂತಿಯನ್ನು ಕೈಯಲ್ಲಿ ಹಿಡಿಯಕೂಡದು. ಎಂಜಿನನ್ನು ತಿರುಗಿಸಿದಾಗ ನೀಲಿಯ ಕಿಡಿ ಚಟಚಟನೆ ಹಾರಿದರೆ ಸರಿ.

ಹಾರದಿದ್ದರೆ ಡಿಸ್ಟ್ರಿಬ್ಯೂಟರಿನ ನಡುವಿನ ದಪ್ಪ ತಂತಿಯನ್ನು ಕಳಚಿ, ವಿದ್ಯುತ್ತು ತಗಲದ ಹಿಡಿಕೆಯ ಇಕ್ಕಳದಿಂದ ಹಿಡಿದು, ತುದಿಯನ್ನು ಲೋಹಕ್ಕೆ ಐದಾರು ಮಿಲಿಮೀಟರು ದೂರದಲ್ಲಿ ಇಡಬೇಕು. ಇಲ್ಲಿ ಕಿಡಿ ಬಂದು ಪ್ಲಗ್ಗಿನಲ್ಲಿ ಬಾರದಿದ್ದರೆ ದೋಷವಿರುವುದು ಎರಡರ ನಡುವೆ, ಅಂದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ, ರೋಟರಿನಲ್ಲಿ ಅಥವಾ ಪ್ಲಗ್ಗಿನ ತಂತಿಯಲ್ಲಿ. ಮಳೆಗಾಲದ ಬೆಳಗಿನಲ್ಲಿ ಮುಚ್ಚಳದ ಒಳಗಿನ ತೇವವೊಂದೇ ಕಿಡಿಯನ್ನು ದಾರಿ ತಪ್ಪಿಸಲು ಸಾಕು. ಒಣಗಿದ ಬಟ್ಟೆಯೇ ಅದಕ್ಕೆ ಮದ್ದು.

ಇಲ್ಲಿಯೂ ಕಿಡಿ ಇಲ್ಲದಿದ್ದರೆ ಇನ್ನೂ ಹಿಂದಕ್ಕೆ ಹೋಗಬೇಕು. ಪಾಯಿಂಟುಗಳೆಂಬ ಎರಡು ಲೋಹದ ತುದಿಗಳು ಕೂಡಿದಾಗ ಕಾಯಿಲಿನ ಪ್ರಾಥಮಿಕ ಸುರುಳಿಯಲ್ಲಿ ಮೂರು ನಾಲ್ಕು ಆಂಪಿಯರ್ ಪ್ರವಾಹ ಹರಿಯುತ್ತದೆ. ಅವು ಬೇರೆಯಾದೊಡನೆ ಕಾಂತಕ್ಷೇತ್ರ ಕುಸಿದು, ಹೆಚ್ಚು ಸುತ್ತುಗಳುಳ್ಳ ಎರಡನೆಯ ಸುರುಳಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ತು ಹುಟ್ಟುತ್ತದೆ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ಕಾರ್ಯ ಸೆಕೆಂಡಿಗೆ 100 ಸಲ ನಡೆಯುತ್ತದೆ. ಇಷ್ಟು ದುಡಿಯುವ ಪಾಯಿಂಟುಗಳು ಸವೆಯುವುದರಲ್ಲಿ ಆಶ್ಚರ್ಯವೇನು? ಅವುಗಳ ಗರಿಷ್ಠ ಅಂತರ ಸುಮಾರು 0.4 ಮಿಲಿಮೀಟರು ಇರಬೇಕು. ಕಾಯಿಲಿನಿಂದ ಪಾಯಿಂಟುಗಳಿಗೆ ಹೋಗುವ ತಂತಿಯ ಕಡೆಗೂ ಎಂಜಿನಿನ ಮೈಗೂ ನಡುವೆ ಸಣ್ಣ ಬಲ್ಬನ್ನು ಜೋಡಿಸಿ ಎಂಜಿನನ್ನು ತಿರುಗಿಸಿದಾಗ ಅದು ಮಿನುಗಬೇಕು. ಒಂದೇ ಸಮನೆ ಉರಿದರೆ ಪಾಯಿಂಟುಗಳು ಕೂಡುತ್ತಿಲ್ಲ. ಉರಿಯಲೇ ಇಲ್ಲವಾದರೆ ಅವು ಬೇರ್ಪಡುತ್ತಿಲ್ಲ, ಅಥವಾ ಕಾಯಿಲಿನ ಮೂಲಕ ಪ್ರವಾಹವೇ ಬರುತ್ತಿಲ್ಲ. ಬಲ್ಬು ಸರಿಯಾಗಿ ಮಿನುಗಿಯೂ ಕಿಡಿ ಇಲ್ಲದಿದ್ದರೆ ಕಂಡೆನ್ಸರನ್ನೂ ಕಾಯಿಲಿನ ಎರಡನೆಯ ಸುರುಳಿಯನ್ನೂ ಸಂಶಯಿಸಬೇಕು.

ಪೆಟ್ರೋಲಿನ ದಾರಿ

ಕಿಡಿ ಚೆನ್ನಾಗಿದ್ದರೆ ಪ್ಲಗ್ಗಿನ ತುದಿಯನ್ನು ನೋಡಿ. ಸ್ವಲ್ಪ ಕಾಲ ತಿರುಗಿಸಿದ ಮೇಲೂ ಅದು ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ; ತೊಯ್ದಿದ್ದರೆ ಅತಿಯಾಗಿ ಬಂದಿದೆ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಎಂಜಿನು ತಣ್ಣಗಿರುವಾಗ ಪೆಟ್ರೋಲೆಲ್ಲ ಆವಿಯಾಗದ ಕಾರಣ ಚೋಕನ್ನೆಳೆದು ಗಾಳಿಗೆ ಹೋಲಿಸಿದರೆ ಪೆಟ್ರೋಲು ಹೆಚ್ಚಾಗುವಂತೆ ಮಾಡುತ್ತೇವೆ. ಆದರೆ ಬಿಸಿಯ ಎಂಜಿನಿಗೂ ಚೋಕನ್ನೆಳೆದರೆ ಪ್ಲಗ್ಗು ತೊಯ್ದು ಕಿಡಿ ಕೆಡುತ್ತದೆ. ಆಗ ಚೋಕನ್ನು ಒಳದೂಡಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು, ಎಂಜಿನನ್ನು ತಿರುಗಿಸಿದರೆ ಹೆಚ್ಚಿನ ಪೆಟ್ರೋಲು ಹೊರಹೋಗುತ್ತದೆ.

ಪ್ಲಗ್ಗು ಒಣಗಿದ್ದಲ್ಲಿ, ಕಾಯಿಲಿಗೆ ವಿದ್ಯುತ್ತು ತರುವ ತಂತಿಯನ್ನು ಮೊದಲು ಕಳಚಬೇಕು. ಬಳಿಕ ಕಾರ್ಬ್ಯುರೇಟರಿಗೆ ಬರುವ ಕೊಳವೆಯನ್ನು ಬಿಚ್ಚಿ, ತುದಿಯನ್ನು ಸೀಸೆಯೊಳಗಿಟ್ಟು ಎಂಜಿನನ್ನು ತಿರುಗಿಸಬೇಕು. ಪೆಟ್ರೋಲು ಚಿಮ್ಮಿದರೆ ದೋಷ ಕಾರ್ಬ್ಯುರೇಟರಿನಲ್ಲಿದೆ. ಇಲ್ಲವಾದರೆ ಪಂಪಿನಲ್ಲಿ ಅಥವಾ ಅದರ ಹಿಂದೆ. ಟ್ಯಾಂಕಿನ ಮುಚ್ಚಳವನ್ನು ತೆಗೆದೊಡನೆ ಪೆಟ್ರೋಲು ಹರಿದರೆ ಮುಚ್ಚಳದ ಗಾಳಿಕಂಡಿ ಮುಚ್ಚಿಹೋಗಿದೆ. ಖರ್ಚಾದ ಪೆಟ್ರೋಲಿನ ಸ್ಥಾನಕ್ಕೆ ಗಾಳಿ ಬಾರದೆ ಟ್ಯಾಂಕಿನೊಳಗೆ ಒತ್ತಡ ಇಳಿದುದೇ ಅಲ್ಲಿಯ ಕಾರಣ.

ಈಚೆಗೆ ಇನ್ನೊಂದು ಕಾರಣವೂ ಸೇರಿದೆ. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಹಳೆಯ ಕಾರುಗಳ ರಬ್ಬರ್ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಇಂಥ ಮಿಶ್ರಣಕ್ಕಾಗಿ ರೂಪಿಸಿರಲಿಲ್ಲ. ಎಥನಾಲು ಅವನ್ನು ಉಬ್ಬಿಸಿ ಬಿರಿಯುವಂತೆ ಮಾಡಬಹುದು. ಅದು ನೀರನ್ನೂ ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ತುಕ್ಕು ಹಿಡಿಯುವ ಸಂಭವವುಂಟು.

ಬಿಸಿಯಾದಾಗ ನಿಲ್ಲುವ ಎಂಜಿನು

ಬೇಸಗೆಯ ಮಧ್ಯಾಹ್ನ ಘಾಟಿಯನ್ನೇರುತ್ತ ಕಾರು ನಿಂತುಬಿಡುತ್ತದೆ. ಅರ್ಧ ಗಂಟೆ ಕಳೆದರೆ ಏನೂ ಆಗದಂತೆ ಹೊರಡುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿರಬಹುದು. ಎಂಜಿನಿನ ಶಾಖದಿಂದ ಕೊಳವೆಯಲ್ಲಿನ ಪೆಟ್ರೋಲು ಕುದಿದು, ಆವಿಯ ಗುಳ್ಳೆಗಳು ತುಂಬಿ, ಪಂಪು ಅದನ್ನು ಎಳೆಯಲಾರದೆ ಹೋಗಬಹುದು. ಇಲ್ಲವೆ ಕಾಯಿಲಿನೊಳಗಿನ ಬಿರುಕುಬಿಟ್ಟ ತಂತಿಯು ಬಿಸಿಗೆ ಹಿಗ್ಗಿ ಬೇರೆಯಾಗಿ, ತಣಿದಾಗ ಮತ್ತೆ ಕೂಡಬಹುದು. ಲಕ್ಷಣ ಒಂದೇ, ರೋಗ ಎರಡು. ಕಾದು ಕುಳಿತರೆ ಎರಡೂ ಮಾಯವಾಗುತ್ತವೆ, ಸಾಕ್ಷ್ಯವೂ ಮಾಯವಾಗುತ್ತದೆ. ಆದ್ದರಿಂದ ಪರೀಕ್ಷೆಯನ್ನು ನಿಂತ ಗಳಿಗೆಯಲ್ಲಿಯೇ ಮಾಡಬೇಕು. ಆಗ ಕಿಡಿ ಇಲ್ಲದಿದ್ದರೆ ಕಾಯಿಲನ್ನು ಸಂಶಯಿಸಬೇಕು. ಕಿಡಿ ಇದ್ದು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದ ಸ್ವಲ್ಪ ಹೊತ್ತಿಗೆ ಎಂಜಿನು ಹೊರಟರೆ ಪೆಟ್ರೋಲಿನ ಆವಿಯೇ ಕಾರಣ.

ಒತ್ತಡದ ಲೆಕ್ಕ

ಕಿಡಿಯೂ ಪೆಟ್ರೋಲೂ ಸರಿಯಿದ್ದು ಎಂಜಿನು ನಿಶ್ಶಕ್ತವಾಗಿದ್ದರೆ ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನು ಅಳೆಯಬೇಕು. ಒಂದರಲ್ಲಿ ಕಡಿಮೆ ಕಂಡರೆ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಪಿಸ್ಟನ್ನಿನ ಬಳೆಗಳು ಸವೆದಿವೆ, ಏಕೆಂದರೆ ಎಣ್ಣೆಯು ಆ ಸಂದನ್ನು ಮುಚ್ಚಿತು. ಏರದಿದ್ದರೆ ಸೋರಿಕೆ ವಾಲ್ವಿನಲ್ಲಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕುಸಿದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ಟು ಸುಟ್ಟಿರುವುದು ಸಂಭವ. ಎಂಜಿನನ್ನು ಬಿಚ್ಚುವ ದೊಡ್ಡ ಖರ್ಚು ಬೇಕೋ ಬೇಡವೋ ಎಂಬುದು ಒಂದು ಚಮಚ ಎಣ್ಣೆಯಿಂದ ತೀರ್ಮಾನವಾಗುತ್ತದೆ!

ಹೊಗೆಯೂ ಮಾತನಾಡುತ್ತದೆ. ಕಪ್ಪು ಹೊಗೆ ಪೆಟ್ರೋಲು ಹೆಚ್ಚಾದುದನ್ನೂ, ನೀಲಿ ಹೊಗೆ ಎಣ್ಣೆ ಉರಿಯುವುದನ್ನೂ, ಎಂಜಿನು ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ಒಳಗೆ ನೀರು ಸೇರುತ್ತಿರುವುದನ್ನೂ ತಿಳಿಸುತ್ತವೆ.

ಎಚ್ಚರಿಕೆಯ ಮಾತು

ಈ ಪರೀಕ್ಷೆಗಳನ್ನು ಅನುಭವಿಗಳ ಸಮ್ಮುಖದಲ್ಲಿಯೇ ಮಾಡಬೇಕು. ಗೇರನ್ನು ನ್ಯೂಟ್ರಲಿನಲ್ಲಿಟ್ಟು ಕೈಬ್ರೇಕನ್ನು ಎಳೆದಿರಬೇಕು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಡುವುದರಿಂದ ಅದರ ಬಳಿ ಬೆಂಕಿ ಸುಳಿಯಕೂಡದು. ಮುಚ್ಚಿದ ಷೆಡ್ಡಿನಲ್ಲಿ ಎಂಜಿನನ್ನು ಎಂದಿಗೂ ನಡೆಸಬಾರದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣಾಂತಿಕವಾದುದು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದು.

ಕೊನೆಯದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಮಾಡಿದುದನ್ನೂ ಕಂಡುದನ್ನೂ ಬರೆದಿಡಬೇಕು. ಎರಡು ಭಾಗಗಳನ್ನು ಒಟ್ಟಿಗೆ ಬದಲಾಯಿಸಿದಾಗ ಎಂಜಿನು ಹೊರಟರೂ ದೋಷ ಯಾವುದರಲ್ಲಿತ್ತೆಂಬುದು ತಿಳಿಯದೆ ಉಳಿಯುತ್ತದೆ. ಅಂಬಾಸಡರು ಬೀದಿಗಳಿಂದ ಮರೆಯಾಗುತ್ತಿರಬಹುದು. ಆದರೆ ಅದರ ಎಂಜಿನಿನ ಮುಂದೆ ಕಲಿತ ಈ ಕ್ರಮವು ನೀರೆತ್ತುವ ಪಂಪಿಗೂ ಪ್ರಯೋಗಶಾಲೆಯ ಉಪಕರಣಕ್ಕೂ ಸಮಾನವಾಗಿ ಸಲ್ಲುತ್ತದೆ.