ಗಾಯ ಒಣಗಬಾರದು

"ಕಟ್ಟಬೇಡಿ, ಗಾಳಿ ಆಡಲಿ, ಬೇಗ ಒಣಗುತ್ತೆ." ಬೆಂಗಳೂರಿನ ಶಿವಾಜಿನಗರದ ಬಸ್ ನಿಲ್ದಾಣದಿಂದ ಕೆ.ಆರ್. ಪುರದ ಸಂತೆಯವರೆಗೆ ಯಾರ ಮೊಣಕಾಲು ತರಚಿದರೂ ಸಿಗುವ ಮೊದಲ ಸಲಹೆ ಇದು. ಜೊತೆಗೆ ಚಿಟಿಕೆ ಅರಿಶಿನ. ರಕ್ತ ಜಾಸ್ತಿ ಬಂದರೆ ಕಾಫಿ ಪುಡಿ. ಕೇಳಿ ಕೇಳಿ ಸಾಕಾಗಿದೆ. ಗಾಯ ಒಣಗಿಸುವುದು ತಪ್ಪೆಂದು ಗೊತ್ತಾಗಿ 60 ವರ್ಷ ದಾಟಿತು.

1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲಿನ ಸಣ್ಣ ಗಾಯಗಳಲ್ಲಿ ಕೆಲವನ್ನು ಗಾಳಿಗೆ ಬಿಟ್ಟರು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದರು. ಮುಚ್ಚಿದ ಕಡೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಗಾಯದ ಅಂಚಿನ ಜೀವಕೋಶಗಳು ತೆವಳಿ ನಡುವಿಗೆ ಬರಬೇಕು. ತೇವವಿದ್ದರೆ ಸಲೀಸಾಗಿ ಬರುತ್ತವೆ. ಒಣಗಿ ಹಕ್ಕಳೆ ಕಟ್ಟಿದರೆ ತೇವ ಹುಡುಕಿಕೊಂಡು ಅದರಡಿ ಇಳಿದು ಸುತ್ತಿ ಬರಬೇಕು. ವಾಸಿಯಾದ ಗುರುತು ಎಂದು ನಾವು ಸಂತೋಷಪಡುವ ಹಕ್ಕಳೆಯೇ ದಾರಿಗೆ ಅಡ್ಡ!

ಕಾಫಿ ಪುಡಿ ಒತ್ತಿಕೊಂಡು ಬಂದವರಿಗೆ ಡ್ರೆಸಿಂಗ್ ಮಾಡುವುದನ್ನು ಒಮ್ಮೆ ನೋಡಬೇಕು. ನರ್ಸ್ ಸಲೈನ್ ಸುರಿದು, ಚಿಮಟದಿಂದ ಒಂದೊಂದೇ ಕಾಳು ಕೀಳುತ್ತಾರೆ. ನಿಂತ ರಕ್ತ ಮತ್ತೆ ಜಿನುಗುತ್ತದೆ. ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದಿದ್ದರೆ ಈ ಹಿಂಸೆಯೇ ಇರುತ್ತಿರಲಿಲ್ಲ.

"ಹಾಗಾದರೆ ಪ್ರಕೃತಿಯ ಮದ್ದು ಸುಳ್ಳಾ?" ಎಂದು ಕೇಳುತ್ತಾರೆ. ಖಂಡಿತ ಅಲ್ಲ. ರಸೆಲ್ ಮಾರ್ಕೆಟ್ಟಿನಲ್ಲಿ ಸಿಗಡಿ ಸುಲಿದು ಎಸೆಯುವ ಸಿಪ್ಪೆಯಲ್ಲಿ ಕೈಟಿನ್ ಇದೆ. ಕ್ಷಾರದಲ್ಲಿ ಸಂಸ್ಕರಿಸಿದರೆ ಅದು ಕೈಟೋಸಾನ್ ಆಗುತ್ತದೆ. ಕೆಂಪು ರಕ್ತಕಣಗಳನ್ನು ಸೆಳೆದು ಹಿಡಿದು ರಕ್ತ ನಿಲ್ಲಿಸುವ ಅದರ ಪಟ್ಟಿಗಳನ್ನು ಅಮೆರಿಕದ ಸೇನೆ ಇರಾಕ್ ಯುದ್ಧದಲ್ಲಿ ಬಳಸಿತು. ಕಂದು ಕಡಲಪಾಚಿಯ ಆಲ್ಜಿನೇಟ್ ಗಾಯದ ರಸ ಹೀರಿ ತಾನೇ ಜೆಲ್ ಆಗಿ ತೇವ ಕಾಯುತ್ತದೆ. ಕನ್ನಡಿಗರು ಬಹಳ ಮಂದಿ ಇರುವ ಸೊಲ್ಲಾಪುರದಲ್ಲಿ ಡಾ. ಎಂ. ಸುಬ್ರಹ್ಮಣ್ಯಂ ಸುಟ್ಟಗಾಯದ 104 ರೋಗಿಗಳ ಮೇಲೆ ಜೇನನ್ನು ಪರೀಕ್ಷಿಸಿ, ಆಗ ಬಳಕೆಯಲ್ಲಿದ್ದ ಬೆಳ್ಳಿಯ ಮುಲಾಮಿಗಿಂತ ಅದು ಮೇಲೆಂದು 1991ರಲ್ಲಿ ವರದಿ ಮಾಡಿದರು. ಆದರೆ ಇಂದು ಡ್ರೆಸಿಂಗ್‌ಗೆಂದೇ ಮಾರುವ ಜೇನನ್ನು ಗಾಮಾ ಕಿರಣಗಳಿಂದ ಶುದ್ಧಗೊಳಿಸಿರುತ್ತಾರೆ. ಅಡುಗೆಮನೆಯ ಬಾಟಲಿಯಲ್ಲಿ ರೋಗಾಣು ಬೀಜಕಗಳಿರಬಹುದು.

ಅರಿಶಿನದ ವಕೀಲರು ತಪ್ಪದೆ ಪೇಟೆಂಟ್ ಕಥೆ ತೆಗೆಯುತ್ತಾರೆ. ಗಾಯ ಮಾಗಿಸಲು ಅರಿಶಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕ ಕೊಟ್ಟಿದ್ದ ಪೇಟೆಂಟನ್ನು ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್ಐಆರ್) ಹೋರಾಡಿ 1997ರಲ್ಲಿ ರದ್ದುಮಾಡಿಸಿತು, ನಿಜ. ಅಲ್ಲಿ ಗೆದ್ದದ್ದು ಈ ಬಳಕೆ ಹೊಸದಲ್ಲ, ನಮ್ಮದು ಹಳೆಯದು ಎಂಬ ವಾದ. ಡಬ್ಬಿಯ ಪುಡಿ ಗಾಯ ಮಾಗಿಸುತ್ತದೋ ಇಲ್ಲವೋ ಎಂಬುದನ್ನು ಅಮೆರಿಕದ ಪೇಟೆಂಟ್ ಕಚೇರಿ ಪರೀಕ್ಷಿಸಲೇ ಇಲ್ಲ. ಹಳೆಯದೆಲ್ಲ ಒಳ್ಳೆಯದು, ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನೆಲ್ಲ ನಂಬುವ ನಮ್ಮ ಅಭ್ಯಾಸ ಮಕ್ಕಳ ಮೈಮೇಲೆ ಪ್ರಯೋಗವಾಗುತ್ತಿದೆ.

ಉಳಿದ ತಪ್ಪು ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಬದನೆಕಾಯಿ ತಿಂದರೆ ನಂಜಾಗುವುದಿಲ್ಲ. ಶುದ್ಧ ನೀರು ತಾಗಿದರೂ ನಂಜಾಗುವುದಿಲ್ಲ, ಗಾಯವನ್ನು ಮೊದಲು ತೊಳೆಯಬೇಕಾದದ್ದೇ ನಲ್ಲಿ ನೀರಿನಲ್ಲಿ. ಸುಟ್ಟರೆ ಟೂತ್‌ಪೇಸ್ಟ್ ಬೇಡ, 20 ನಿಮಿಷ ಹರಿಯುವ ತಣ್ಣೀರು ಸಾಕು.

ಸಣ್ಣ ತರಚು ಗಾಯಕ್ಕೆ ತೊಳೆದು, ತೆಳುವಾಗಿ ವ್ಯಾಸಲೀನ್ ಸವರಿ, ಮುಚ್ಚಿ, ದಿನಾ ಪಟ್ಟಿ ಬದಲಿಸಿ. ಸಕ್ಕರೆ ಕಾಯಿಲೆಯವರ ಕಾಲಿನ ವಿಷಯವೇ ಬೇರೆ. ರಕ್ತ ಹರಿಯದೆ ಕಪ್ಪಾಗಿ ಒಣಗಿದ ಬೆರಳನ್ನು ಒದ್ದೆ ಮಾಡುವುದೂ ಅಪಾಯ. ಅಂಥವರಿಗೆ ಮನೆಯಲ್ಲಿ ಏನನ್ನೂ ಹಚ್ಚಬೇಡಿ. ಬೌರಿಂಗ್‌ಗೋ ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಗೋ ಅದೇ ದಿನ ಕರೆದುಕೊಂಡು ಹೋಗಿ.