ಮಿದುಳಿನ ಬೆಳವಣಿಗೆಯಲ್ಲಿ ಕೋಶಬಂಧಕ ಪ್ರೋಟೀನುಗಳು

ಕೋಶಬಂಧಕ ಪ್ರೋಟೀನುಗಳು ಜೀವಕೋಶಗಳ ಹೊರಪೊರೆಯಲ್ಲಿ ನೆಲೆನಿಂತು, ಒಂದು ಕೋಶವನ್ನು ಮತ್ತೊಂದು ಕೋಶಕ್ಕೆ ಅಥವಾ ಸುತ್ತಲಿನ ಹಂದರಕ್ಕೆ ಹಿಡಿದಿಡುವ ಪ್ರೋಟೀನುಗಳಾಗಿವೆ. ಭ್ರೂಣದಲ್ಲಿ ಮಿದುಳು ರೂಪುಗೊಳ್ಳುವಾಗ ಯಾವ ಕೋಶವು ಯಾವುದರೊಡನೆ ಸೇರಬೇಕು, ಎಲ್ಲಿಯವರೆಗೆ ಸಾಗಬೇಕು ಎಂಬುದರಲ್ಲಿ ಇವುಗಳ ಪಾತ್ರ ದೊಡ್ಡದು. ಹೆಸರನ್ನು ನೋಡಿ ಇವು ಬರಿಯ ಗೋಂದಿನಂತಹವು ಎಂದು ಭಾವಿಸಬಾರದು. ತಕ್ಕ ಸಮಯದಲ್ಲಿ ಹಿಡಿತ ಸಡಿಲವಾಗುವುದೂ ಬೆಳವಣಿಗೆಗೆ ಅಷ್ಟೇ ಅಗತ್ಯ.

ಇತಿಹಾಸ

ಉಭಯಚರ ಭ್ರೂಣದ ಕೋಶಗಳನ್ನು ಬಿಡಿಬಿಡಿಯಾಗಿಸಿ ಬೆರೆಸಿದರೂ ಅವು ಮತ್ತೆ ತಮ್ಮ ತಮ್ಮ ಬಗೆಗೆ ತಕ್ಕಂತೆ ಒಂದುಗೂಡುತ್ತವೆ, ಚರ್ಮದ ಕೋಶಗಳು ಹೊರಗೂ ನರದ ಕೋಶಗಳು ಒಳಗೂ ಸೇರುತ್ತವೆ ಎಂಬುದನ್ನು ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ 1955ರಲ್ಲಿ ತೋರಿಸಿದರು. ಈ ಗುರುತಿಸುವಿಕೆಯ ಹಿಂದಿನ ಅಣುಗಳು ತಿಳಿಯಲು ಇನ್ನೂ ಎರಡು ದಶಕಗಳು ಬೇಕಾದವು. 1970ರ ದಶಕದಲ್ಲಿ ಜೆರಾಲ್ಡ್ ಎಡೆಲ್‌ಮನ್ ಅವರ ತಂಡವು ಕೋಳಿಯ ಭ್ರೂಣದಲ್ಲಿ ಎನ್-ಕ್ಯಾಮ್ ಎಂಬ ಪ್ರೋಟೀನನ್ನು ಗುರುತಿಸಿತು. ಕ್ಯಾಲ್ಸಿಯಂ ಇದ್ದಾಗ ಮಾತ್ರ ಕೆಲಸಮಾಡುವ ಕ್ಯಾಡ್ಹೆರಿನ್‌ಗಳನ್ನು ಜಪಾನಿನ ಮಸಾತೋಶಿ ತಾಕೆಯಿಚಿ ಕಂಡುಹಿಡಿದರು.

ಕಾರ್ಯವಿಧಾನ

ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳವು ಚರ್ಮದ ಪದರದಿಂದ ಬೇರ್ಪಡುವಾಗ, ಅದರ ಕೋಶಗಳು ಇ-ಕ್ಯಾಡ್ಹೆರಿನ್ ತಯಾರಿಕೆಯನ್ನು ನಿಲ್ಲಿಸಿ ಎನ್-ಕ್ಯಾಡ್ಹೆರಿನ್ ತಯಾರಿಸತೊಡಗುತ್ತವೆ. ಅನಂತರ ಹೊಸ ನರಕೋಶಗಳು ಉದ್ದನೆಯ ಆಧಾರಕೋಶಗಳನ್ನು ಹಿಡಿದು, ಮರ ಹತ್ತುವವರಂತೆ, ಮಿದುಳಿನ ಹೊರಭಾಗದತ್ತ ಏರುತ್ತವೆ. ಹಿಡಿತ ತಪ್ಪಿದರೆ ಅವು ದಾರಿ ತಪ್ಪುತ್ತವೆ; ಅತಿ ಬಿಗಿಯಾದರೆ ನಿಂತಲ್ಲೇ ನಿಲ್ಲುತ್ತವೆ. ಆದುದರಿಂದ ಭ್ರೂಣದ ಎನ್-ಕ್ಯಾಮ್‌ಗೆ ಸಿಯಾಲಿಕ್ ಆಮ್ಲದ ಉದ್ದನೆಯ ಸರಪಳಿಗಳು ಜೋಡಣೆಯಾಗಿರುತ್ತವೆ. ಋಣ ವಿದ್ಯುದಂಶವುಳ್ಳ ಈ ಸರಪಳಿಗಳು ನೀರನ್ನು ಹಿಡಿದಿಟ್ಟು ಕೋಶಪೊರೆಗಳನ್ನು ತುಸು ದೂರವಿಡುತ್ತವೆ. ವಯಸ್ಕರ ಮಿದುಳಿನಲ್ಲಿ ಇವು ಬಹಳ ಕಡಿಮೆಯಾಗಿದ್ದು, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನಂತಹ ಕೆಲವು ಭಾಗಗಳಲ್ಲಿ ಉಳಿದಿರುತ್ತವೆ.

ನರಕೋಶಗಳು ಪರಸ್ಪರ ಸಂಧಿಸುವ ಸ್ಥಳದಲ್ಲಿ ನ್ಯೂರೆಕ್ಸಿನ್ ಮತ್ತು ನ್ಯೂರೊಲಿಗಿನ್‌ಗಳು ಎರಡು ಬದಿಗಳಿಂದ ಕೈಹಿಡಿದಂತೆ ಜೋಡಿಗೊಳ್ಳುತ್ತವೆ.

ದೋಷ ಮತ್ತು ರೋಗ

ಎಲ್1 ಎಂಬ ಬಂಧಕ ಪ್ರೋಟೀನು ನರತಂತುಗಳು ಕಟ್ಟಾಗಿ ಬೆಳೆದು ಗುರಿ ಸೇರಲು ನೆರವಾಗುತ್ತದೆ. ಇದರ ವಂಶವಾಹಿಯು ಎಕ್ಸ್ ವರ್ಣತಂತುವಿನಲ್ಲಿದೆ. ಇದರಲ್ಲಿನ ದೋಷಕ್ಕೂ ಗಂಡುಮಕ್ಕಳಲ್ಲಿ ಹುಟ್ಟಿನಿಂದಲೇ ಕಾಣುವ ಒಂದು ಬಗೆಯ ಜಲಶಿರ ರೋಗಕ್ಕೂ ಇರುವ ಸಂಬಂಧ 1992ರಲ್ಲಿ ಖಚಿತವಾಯಿತು. ಇಂತಹ ಮಕ್ಕಳಲ್ಲಿ ಮಿದುಳಿನ ಕುಹರಗಳಲ್ಲಿ ದ್ರವ ತುಂಬಿರುತ್ತದೆ. ಹೆಬ್ಬೆರಳು ಅಂಗೈಯೊಳಗೆ ಮಡಚಿರುವುದು, ಕಾಲುಗಳ ಬಿಗಿತ ಮತ್ತು ಬುದ್ಧಿಯ ಬೆಳವಣಿಗೆಯ ಕುಂಠಿತವೂ ಕಂಡುಬರಬಹುದು. ಒಂದೇ ಕುಟುಂಬದ ಇಬ್ಬರು ಮಕ್ಕಳಲ್ಲಿಯೂ ತೀವ್ರತೆ ಒಂದೇ ಸಮನಿರುವುದಿಲ್ಲ. ಕೊಳವೆಯ ಮೂಲಕ ದ್ರವವನ್ನು ಹೊರಹರಿಸಿ ಒತ್ತಡವನ್ನು ತಗ್ಗಿಸಬಹುದಾದರೂ, ಸರಿಯಾಗಿ ಹೆಣೆದುಕೊಳ್ಳದ ನರತಂತುಗಳು ಅದರಿಂದ ಸರಿಹೋಗುವುದಿಲ್ಲ. ದೋಷವನ್ನು ಹೊತ್ತ ತಾಯಿಯ ಪ್ರತಿಯೊಬ್ಬ ಮಗನಿಗೂ ಅದು ಬರುವ ಸಂಭವ ಶೇಕಡಾ 50. ವಂಶವಾಹಿ ಪರೀಕ್ಷೆಯಿಂದ ಇದನ್ನು ಮೊದಲೇ ತಿಳಿಯಬಹುದು.

ವಂಶವಾಹಿಯಲ್ಲಿ ದೋಷವಿಲ್ಲದಿದ್ದರೂ ಎಲ್1ರ ಕೆಲಸ ಕೆಡಬಹುದು. ಮದ್ಯಸಾರವು ಇದರ ಹಿಡಿತವನ್ನು ಕುಗ್ಗಿಸುವುದು ಪ್ರಯೋಗಾಲಯದ ಕೋಶಗಳಲ್ಲಿ ಕಂಡುಬಂದಿದ್ದು, ಗರ್ಭಿಣಿಯ ಮದ್ಯಸೇವನೆಯಿಂದ ಶಿಶುವಿನ ಮಿದುಳಿಗೆ ಆಗುವ ಹಾನಿಯ ಕಾರಣಗಳಲ್ಲಿ ಇದೂ ಒಂದಿರಬಹುದೆಂದು ಸಂಶೋಧಕರು ಭಾವಿಸುತ್ತಾರೆ.