ಮೊಬಿಲಿಟಿ ಸ್ಕೂಟರಿನ ಸುರಕ್ಷಿತ ಚಾಲನೆ: ಯಂತ್ರಶಾಸ್ತ್ರದ ದೃಷ್ಟಿಯಿಂದ

ನಡೆಯಲು ಕಷ್ಟಪಡುವವರಿಗಾಗಿ ನಿರ್ಮಿತವಾದ, ಬ್ಯಾಟರಿಯ ಬಲದಿಂದ ಚಲಿಸುವ ಮೂರು ಅಥವಾ ನಾಲ್ಕು ಗಾಲಿಗಳ ವಾಹನಕ್ಕೆ ಮೊಬಿಲಿಟಿ ಸ್ಕೂಟರ್ ಎಂದು ಹೆಸರು. ಬ್ರಿಟನ್ನಿನಲ್ಲಿ 1988ರ ನಿಯಮಗಳು ಇಂತಹ ವಿದ್ಯುಚ್ಚಾಲಿತ ವಾಹನಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿವೆ. ಮುಖ್ಯವಾಗಿ ಕಾಲುದಾರಿಗೆಂದೇ ಇರುವ ವಾಹನದ ವೇಗ ಗಂಟೆಗೆ 4 ಮೈಲಿಯನ್ನು ಮೀರಲಾಗದು. ರಸ್ತೆಗೂ ಇಳಿಯಬಲ್ಲ ವಾಹನಕ್ಕೆ 8 ಮೈಲಿ ಮಿತಿ. ಕಾಲುದಾರಿಯಲ್ಲಿ ಅದೂ 4 ಮೈಲಿಗೆ ಇಳಿಯಬೇಕು. ಚಾಲಕನಿಗೆ ಪರವಾನಗಿಯಾಗಲಿ ಪರೀಕ್ಷೆಯಾಗಲಿ ಬೇಕಿಲ್ಲ. ಆದುದರಿಂದ ಅಪಾಯವನ್ನು ಅರಿಯುವ ಹೊಣೆ ಚಾಲಕನದೇ ಆಗುತ್ತದೆ. ಬಿದ್ದರೆ ತಾನಾಗಿ ಏಳಲಾರದವನಿಗೆ ಈ ಅರಿವು ಅತ್ಯಗತ್ಯ.

ಮೊದಲು ತಿರುವನ್ನು ಪರಿಶೀಲಿಸೋಣ. ತಿರುಗುವ ವಾಹನವನ್ನು ಹೊರಕ್ಕೆ ಉರುಳಿಸುವ ಪ್ರವೃತ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ನಿದರ್ಶನಕ್ಕಾಗಿ, ಚಾಲಕ ಸಹಿತವಾದ ವಾಹನದ ಗುರುತ್ವಕೇಂದ್ರ ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿಯೂ, ಉರುಳುವ ರೇಖೆಯಿಂದ 25 ಸೆಂಟಿಮೀಟರ್ ಒಳಗೂ ಇದೆಯೆಂದು ಭಾವಿಸೋಣ. ಪಾರ್ಶ್ವ ವೇಗೋತ್ಕರ್ಷವು ಸೆಕೆಂಡಿನ ವರ್ಗಕ್ಕೆ ಸುಮಾರು 4.1 ಮೀಟರ್ ಮೀರಿದರೆ ಅದು ಉರುಳುತ್ತದೆ. 2 ಮೀಟರ್ ತ್ರಿಜ್ಯದ ತಿರುವಿನಲ್ಲಿ 4 ಮೈಲಿ ವೇಗಕ್ಕೆ ಈ ಮೌಲ್ಯ 1.6, 8 ಮೈಲಿಗೆ 6.4. ವೇಗ ಇಮ್ಮಡಿಯಾದರೆ ಪರಿಣಾಮ ನಾಲ್ಮಡಿ. ಮೂರು ಗಾಲಿಯ ವಾಹನದಲ್ಲಿ ಉರುಳುವ ರೇಖೆ ಮುಂದಿನ ಒಂಟಿ ಗಾಲಿಯಿಂದ ಓರೆಯಾಗಿ ಸಾಗುವುದರಿಂದ ಈ ಅಂತರ ಇನ್ನೂ ಕಿರಿದು. ಆದಕಾರಣ ವೇಗವನ್ನು ತಿರುವಿಗೆ ಮುನ್ನವೇ ಇಳಿಸಬೇಕು, ತಿರುವಿನ ನಡುವೆ ಅಲ್ಲ.

ಇಳಿಜಾರಿನಲ್ಲಿಯೂ ಇದೇ ತತ್ತ್ವ ಅನ್ವಯಿಸುತ್ತದೆ. ಇಳಿಜಾರಿಗೆ ಅಡ್ಡಲಾಗಿ ಹೋದರೆ ಭಾರದ ರೇಖೆ ತಗ್ಗಿನ ಗಾಲಿಗಳತ್ತ ಸರಿಯುತ್ತದೆ. ಏರುವಾಗಲೂ ಇಳಿಯುವಾಗಲೂ ನೇರವಾಗಿ ಸಾಗುವುದು ಕ್ಷೇಮ. ಕಾಲುದಾರಿಯ ಅಂಚುಕಲ್ಲನ್ನು ಓರೆಯಾಗಿ ದಾಟದೆ, ಇಳಿಜಾರು ಮಾಡಿರುವ ಕಡೆಯಲ್ಲಿ ನೇರವಾಗಿ ದಾಟಬೇಕು.

ಮೂರನೆಯದು ಕೈಯ ಅಭ್ಯಾಸಕ್ಕೆ ಸಂಬಂಧಿಸಿದುದು. ಸೈಕಲ್ಲಿನಲ್ಲಿ ಲಿವರನ್ನು ಹಿಂಡಿದರೆ ಗಾಡಿ ನಿಲ್ಲುತ್ತದೆ. ಬಹುತೇಕ ಮೊಬಿಲಿಟಿ ಸ್ಕೂಟರುಗಳಲ್ಲಿ ಲಿವರನ್ನು ಒತ್ತಿದರೆ ಗಾಡಿ ಮುನ್ನುಗ್ಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ವಿದ್ಯುತ್ ಇರುವವರೆಗೆ ಬ್ರೇಕ್ ಸಡಿಲವಾಗಿರುತ್ತದೆ. ಕಡಿದೊಡನೆ ಸ್ಪ್ರಿಂಗಿನ ಬಲದಿಂದ ಬಿಗಿಯುತ್ತದೆ. ಗಾಬರಿಯಲ್ಲಿ ಮನುಷ್ಯನ ಮುಷ್ಟಿ ತಾನಾಗಿಯೇ ಬಿಗಿಯುವುದರಿಂದ ಹಳೆಯ ಅಭ್ಯಾಸವೇ ಇಲ್ಲಿ ಶತ್ರುವಾಗುತ್ತದೆ. ಗಾಡಿಯನ್ನು ಕೈಯಿಂದ ತಳ್ಳಲೆಂದು ಮೋಟಾರನ್ನು ಗಾಲಿಯಿಂದ ಬೇರ್ಪಡಿಸುವ ಹಿಡಿಯೊಂದಿರುತ್ತದೆ. ಅದನ್ನು ಸಡಿಲಿಸಿದಾಗ ಈ ಬ್ರೇಕ್ ಗಾಲಿಯನ್ನು ಹಿಡಿಯದು. ಆ ಸ್ಥಿತಿಯಲ್ಲಿ ಇಳಿಜಾರಿನ ಮೇಲೆ ಎಂದಿಗೂ ಕುಳಿತುಕೊಳ್ಳಬಾರದು.

ಈ ಮೂರರಲ್ಲಿ ಮೊದಲೆರಡನ್ನು ಬುದ್ಧಿಯಿಂದ ಗ್ರಹಿಸಬಹುದು. ಮೂರನೆಯದನ್ನು ಕೈಯೇ ಕಲಿಯಬೇಕು. ಆದುದರಿಂದ ಹೊಸ ಚಾಲಕರು ಬೀದಿಗೆ ಇಳಿಯುವ ಮುನ್ನ, ಸಮತಟ್ಟಾದ ಬಯಲಿನಲ್ಲಿ, ಅತ್ಯಲ್ಪ ವೇಗದಲ್ಲಿ, ಕೈಬಿಟ್ಟು ನಿಲ್ಲಿಸುವುದನ್ನೇ ಮತ್ತೆಮತ್ತೆ ಅಭ್ಯಾಸ ಮಾಡಬೇಕೆಂದು ನಾವು ಸೂಚಿಸುತ್ತೇವೆ.